ಗೇರು: ಹೊಸ ಮರಕ್ಕೆ ಹಳೆಯ ಹೆಸರು



ಪುತ್ತೂರು, ಸುಳ್ಯ, ಕಡಬದ ಗುಡ್ಡಗಳಲ್ಲಿ ಬೇಸಿಗೆಯ ದಿನ ಗೇರುಬೀಜ ಹೆಕ್ಕಿದವರಿಗೆ ಆ ಮರ ಪರದೇಶದ್ದು ಎಂದು ಅನಿಸುವುದೇ ಇಲ್ಲ. ಆದರೆ ಅದರ ತವರು ಬ್ರೆಜಿಲ್. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು.

ಮರದ ಜೊತೆ ಹೆಸರೂ ಪ್ರಯಾಣ ಹೊರಟಿತು. ಬ್ರೆಜಿಲಿನ ತುಪಿ ಜನರ 'ಅಕಾಜು' ಪೋರ್ಚುಗೀಸರ ಬಾಯಲ್ಲಿ 'ಕಾಜು' ಆಯಿತು. ಅದೇ ಇಂಗ್ಲಿಷಿನ 'ಕ್ಯಾಶ್ಯೂ', ಅದೇ ಫ್ರೆಂಚಿನ 'ಕಾಜೂ'. ತುರ್ಕಿ ಭಾಷೆ ಅದನ್ನು ಫ್ರೆಂಚಿನಿಂದ ಎರವಲು ಪಡೆಯಿತು. ಕೊಂಕಣಿ, ಮರಾಠಿಗಳು ಪೋರ್ಚುಗೀಸಿನಿಂದ ಪಡೆದವು. ಹೀಗಾಗಿ ಇಸ್ತಾಂಬುಲಿನ ಅಂಗಡಿಯಲ್ಲೂ ಗೋವೆಯ ಅಂಗಡಿಯಲ್ಲೂ ಕಾಜು ಕಾಜುವೇ.

ಕನ್ನಡ ಬೇರೆ ದಾರಿ ಹಿಡಿಯಿತು. 'ಗೇರು' ಎಂಬ ಹೆಸರಿನ ಮರ ನಮ್ಮಲ್ಲಿ ಮೊದಲೇ ಇತ್ತು. ಸಂಸ್ಕೃತದಲ್ಲಿ ಅದು ಭಲ್ಲಾತಕ. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಅದರ ಕಾಯಿಯ ರಸದಿಂದ. ಆ ರಸ ತಾಗಿದರೆ ಮೈ ಸುಡುತ್ತದೆ. ಹಣ್ಣಿನಂತೆ ಕಾಣುವ ಭಾಗದ ತುದಿಯಲ್ಲಿ ಹೊರಗೇ ಅಂಟಿಕೊಂಡ ಬೀಜ, ಸಿಪ್ಪೆಯಲ್ಲಿ ಸುಡುವ ಎಣ್ಣೆ, ಇವೆರಡೂ ಹೊಸ ಮರದಲ್ಲಿಯೂ ಇದ್ದವು. ನಮ್ಮ ಹಿರಿಯರು ನೆಂಟಸ್ತಿಕೆ ಗುರುತಿಸಿ ಇದ್ದ ಹೆಸರನ್ನೇ ಕೊಟ್ಟರು. ಸಸ್ಯಶಾಸ್ತ್ರವೂ ಎರಡನ್ನೂ ಮಾವಿನ ಕುಟುಂಬಕ್ಕೇ ಸೇರಿಸಿದೆ. 'ಗೋಡಂಬಿ'ಯ ಕಥೆಯೂ ಇದೇ. ಮರಾಠಿಯಲ್ಲಿ ಆ ಮಾತಿಗೆ ಭಲ್ಲಾತಕದ ಬೀಜದ ತಿರುಳು ಎಂದೇ ಅರ್ಥ.

ಇನ್ನೊಂದು ಸ್ವಾರಸ್ಯವಿದೆ. ಯುರೋಪಿನ ಹಳೆಯ ವೈದ್ಯರು ಭಲ್ಲಾತಕವನ್ನು 'ಅನಕಾರ್ಡಿಯಂ' ಎನ್ನುತ್ತಿದ್ದರು. ಲಿನೇಯಸ್ 1753ರಲ್ಲಿ ಗೇರಿಗೆ ಕೊಟ್ಟ ಶಾಸ್ತ್ರೀಯ ಹೆಸರು 'ಅನಕಾರ್ಡಿಯಂ ಆಕ್ಸಿಡೆಂಟೇಲ್', ಅಂದರೆ ಪಶ್ಚಿಮದ ಅನಕಾರ್ಡಿಯಂ. ನಮ್ಮ ಹಳ್ಳಿಗರು ಮಾಡಿದ್ದನ್ನೇ ಆ ಪಂಡಿತನೂ ಮಾಡಿದ!

1986ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದ ಹೆಸರು ಹಿಂದಿಯಲ್ಲಿ ಕಾಜುವಿನದು, ಇಂಗ್ಲಿಷಿನಲ್ಲಿ ಕ್ಯಾಶ್ಯೂವಿನದು, ಕನ್ನಡದಲ್ಲಿ ಗೇರಿನದು. ಮೊದಲೆರಡು ಮಾತುಗಳಲ್ಲಿ ಮರ ಬಂದ ದಾರಿಯ ಗುರುತಿದೆ. ಮೂರನೆಯದರಲ್ಲಿ ಅದನ್ನು ಬರಮಾಡಿಕೊಂಡ ಊರಿನ ಗುರುತಿದೆ.

ಆದರೆ ಈ ಆತಿಥ್ಯಕ್ಕೆ ಒಂದು ಬೆಲೆ ತೆತ್ತಿದ್ದೇವೆ. ಇಂದು ಬರಿಯ 'ಗೇರು' ಎಂದರೆ ಹೊಸ ಮರ; ಹಳೆಯದನ್ನು 'ಕರಿಗೇರು' ಎಂದು ಬಿಡಿಸಿ ಹೇಳಬೇಕು. ಹೆಸರು ಕೊಟ್ಟ ಮನೆಯವನೇ ಹೊರಗಿನವನಂತಾದ. ಕರಿಗೇರಿನ ಮರ ಎಲ್ಲಾದರೂ ಕಂಡರೆ, ಮುಟ್ಟದಂತೆ ಎಚ್ಚರಿಸಿ, ಮಕ್ಕಳಿಗೆ ತೋರಿಸಿ. ಮರವನ್ನು ಬಲ್ಲವರು ಇಲ್ಲವಾದರೆ ಮಾತಿನ ಮೂಲ ನಿಘಂಟಿನಲ್ಲಷ್ಟೇ ಉಳಿದೀತು.