ಮಗಳಿಗೆ ಏನು ಕೊಟ್ಟು ಕಳಿಸೋಣ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಭವಿಷ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಹೆಚ್ಚು ಓದಿದವಳಲ್ಲ. ಹನ್ನೆರಡು ವರ್ಷದಿಂದ ನಮ್ಮ ಸಂಘದ ಲೆಕ್ಕ ಬರೆಯುತ್ತಿದ್ದೇನೆ, ಅಷ್ಟೆ. ಆ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಸಾಲ ಯಾತಕ್ಕೆ ಎಂದು ಬರೆಯುವ ಕಡೆ, ಗಂಡುಮಕ್ಕಳ ಹೆಸರಿನ ಮುಂದೆ ಕಾಲೇಜು ಫೀಸು, ಬೈಕು, ಅಂಗಡಿ ಎಂದಿದೆ. ಹೆಣ್ಣುಮಕ್ಕಳ ಹೆಸರಿನ ಮುಂದೆ ಇರುವುದು ಒಂದೇ ಮಾತು, ಮದುವೆ. ನನ್ನ ದೊಡ್ಡ ಮಗಳ ಹೆಸರಿನ ಮುಂದೆಯೂ ನಾನು ಅದನ್ನೇ ಬರೆದೆ.

ಅವಳು ಎಸ್.ಎಸ್.ಎಲ್.ಸಿ. ಪಾಸಾಗಿದ್ದಳು. ನರ್ಸ್ ಆಗುತ್ತೇನೆ ಎಂದಳು. ‘ಹೆಚ್ಚು ಓದಿಸಿದರೆ ತಕ್ಕ ಗಂಡು ಹುಡುಕಬೇಕು, ವರದಕ್ಷಿಣೆಯೂ ಏರುತ್ತದೆ’ ಎಂದರು ಮನೆಯವರು. ನಾನೂ ಹೂಂ ಎಂದೆ. ಹತ್ತೊಂಬತ್ತಕ್ಕೆ ಮದುವೆ ಮಾಡಿದೆವು. ಸಂಘದ ಸಾಲ, ಕೈಸಾಲ ಸೇರಿಸಿ ಅವಳಿಗೆ ಸರ, ಓಲೆ, ಗಂಡಿಗೆ ಉಂಗುರ, ವಾಚು. ವರ್ಷ ತುಂಬುವ ಮೊದಲೇ ‘ಇನ್ನಷ್ಟು ತಾ’ ಎಂದು ಹೊಡೆತ ಶುರುವಾಯಿತು. ಎರಡು ಸಲ ತವರಿಗೆ ಬಂದಳು. ಎರಡು ಸಲವೂ ‘ಹೊಂದಿಕೊಂಡು ಹೋಗವ್ವ’ ಎಂದು ಮಡಿಲು ತುಂಬಿ ಬಸ್ಸು ಹತ್ತಿಸಿದವಳು ನಾನೇ. ಮೂರನೆಯ ಸಲ ಮಗುವನ್ನು ಕಟ್ಟಿಕೊಂಡು, ಮುರಿದ ಕೈಯಲ್ಲಿ ಬಂದಳು. ಅಷ್ಟರಲ್ಲಿ ಸರ ಗಿರವಿ ಅಂಗಡಿ ಸೇರಿತ್ತು. ಸಾಲದ ಕಂತು ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಮಗಳು ಬದುಕಿ ಬಂದಳು. ಎಷ್ಟೋ ತಾಯಂದಿರಿಗೆ ಅದೂ ಸಿಗುವುದಿಲ್ಲ.

ನಮ್ಮ ತಾಯಂದಿರು ನಮಗೆ ತಾಳ್ಮೆ ಕಲಿಸಿದರು. ಬೆಳೆಗೆ ಕಾಯಲು, ಮಕ್ಕಳನ್ನು ಸಾಕಲು ತಾಳ್ಮೆ ಬೇಕು. ಹೊಡೆತ ತಿನ್ನಲು ಬೇಕಿಲ್ಲ. ಇದನ್ನು ಮಗಳಿಗೆ ಮದುವೆಗೆ ಮೊದಲೇ ಹೇಳಬೇಕಿತ್ತು.

ಇನ್ನು ದುಡಿಮೆಯ ಮಾತು. ನಿನಗೆ ಯಾವ ಕೆಲಸ ಇಷ್ಟ ಎಂದು ಮಗಳನ್ನು ಕೇಳಿ. ಎಸ್.ಎಸ್.ಎಲ್.ಸಿ. ಆದ ಮೇಲೆ ಐ.ಟಿ.ಐ. ಸೇರಬಹುದು. ಎಲೆಕ್ಟ್ರಿಷಿಯನ್, ಫಿಟ್ಟರ್ ತರಬೇತಿ ಎರಡು ವರ್ಷ, ಕಂಪ್ಯೂಟರ್ ಆಪರೇಟರ್ ಒಂದು ವರ್ಷ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮೂರು ವರ್ಷ. ಪಿ.ಯು.ಸಿ. ಆದ ಮೇಲೆ ಜನರಲ್ ನರ್ಸಿಂಗ್ ಮೂರು ವರ್ಷ. ಸೇರಿಸುವ ಮೊದಲು ಆ ಸಂಸ್ಥೆಗೆ ಸರ್ಕಾರದ ಮಾನ್ಯತೆ ಇದೆಯೇ ಎಂದು ವಿಚಾರಿಸಿ, ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ನನ್ನ ಮಗಳು ನರ್ಸ್ ಆಗಲು ಪಿ.ಯು.ಸಿ. ಸೇರಿ ಐದು ವರ್ಷ ಬೇಕಿತ್ತು. ಅದಕ್ಕಿಂತ ಹೆಚ್ಚು ಕಾಲ ನಾನು ಅವಳ ಮದುವೆಯ ಸಾಲ ತೀರಿಸಿದೆ.

ದುಡಿಯುವ ಹೆಣ್ಣಿಗೆ ಹೊಡೆತ ಬೀಳುವುದಿಲ್ಲ ಎಂದು ನಾನು ಹೇಳುವುದಿಲ್ಲ. ಸಂಬಳದ ದಿನವೇ ಹಣ ಕಿತ್ತುಕೊಳ್ಳುವವರಿದ್ದಾರೆ. ಆದರೆ ಕೈಯಲ್ಲಿ ಕೆಲಸವಿದ್ದವಳು ಹೊರಗೆ ಕಾಲಿಡಲು ಅಷ್ಟು ಹೆದರಬೇಕಿಲ್ಲ. ಆದ್ದರಿಂದ ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಮಾರ್ಕ್ಸ್ ಕಾರ್ಡುಗಳು ಅವಳ ಕೈಯಲ್ಲೇ ಇರಲಿ.

ಕಾನೂನನ್ನೂ ಹೇಳಿಕೊಡೋಣ. 1961ರ ಕಾಯ್ದೆಯ ಪ್ರಕಾರ ವರದಕ್ಷಿಣೆ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ‘ಕೊಟ್ಟ ನಮ್ಮನ್ನೂ ಹಿಡಿಯುತ್ತಾರೆ’ ಎಂದು ಹೆದರಿ ಸುಮ್ಮನಿರಬೇಡಿ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೆಯೇ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಗೆ ಗಂಡನೊಂದಿಗೆ ಬಾಳುವ ಮನೆಯಲ್ಲಿ ಇರುವ ಹಕ್ಕು ಕೊಟ್ಟಿದೆ. ಹೊಡೆಯುವುದಷ್ಟೇ ಅಲ್ಲ, ಖರ್ಚಿಗೆ ಕೊಡದೆ ಸತಾಯಿಸುವುದೂ ಅದರಲ್ಲಿ ದೌರ್ಜನ್ಯ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳುತ್ತದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಕಾನೂನು ಒಪ್ಪುವುದಿಲ್ಲ. ನಾವೂ ಒಪ್ಪುವುದು ಬೇಡ. ತೊಂದರೆಯಲ್ಲಿರುವ ಹೆಣ್ಣುಮಕ್ಕಳ ಸಹಾಯವಾಣಿ 181. ಈ ಸಂಖ್ಯೆ ಮಗಳಿಗೆ ಬಾಯಿಪಾಠವಾಗಿರಲಿ.

ಮಗನಿಗೆ ಏನು ಹೇಳುತ್ತಿದ್ದೇವೆ? ‘ಚೆನ್ನಾಗಿ ಓದು, ಕೆಲಸ ಹಿಡಿ, ಆಮೇಲೆ ಅನುಕೂಲಸ್ಥರ ಮನೆಯಿಂದ ಹೆಣ್ಣು ತರೋಣ’ ಎನ್ನುತ್ತೇವೆ. ಅಲ್ಲೇ ಅವನಿಗೆ ಬೆಲೆ ಕಟ್ಟಿದ ಹಾಗಾಯಿತು. ಅಪ್ಪ ಅಮ್ಮನ ಮೇಲೆ ಕೈ ಎತ್ತುವುದನ್ನು ನೋಡಿ ಬೆಳೆದ ಹುಡುಗನಿಗೆ ಬರೀ ಬುದ್ಧಿಮಾತು ನಾಟುವುದೂ ಕಷ್ಟ. ನನ್ನ ಮಗ ಈಗ ತನ್ನ ತಟ್ಟೆ ತಾನೇ ತೊಳೆಯುತ್ತಾನೆ, ಅನ್ನಕ್ಕಿಡುತ್ತಾನೆ. ‘ವರದಕ್ಷಿಣೆ ತೆಗೆದುಕೊಂಡರೆ ನಿನ್ನ ಮದುವೆಗೆ ನಾನು ಬರುವುದಿಲ್ಲ’ ಎಂದು ಅವನಿಗೆ ಹೇಳಿದ್ದೇನೆ. ಅಕ್ಕನ ಕೈ ನೋಡಿದವನು, ಅವನಿಗೆ ಅರ್ಥವಾಗಿದೆ.

ದೊಡ್ಡ ಮಗಳು ಈಗ ಒಂದು ಆಸ್ಪತ್ರೆಯಲ್ಲಿ ಆಯಾ. ರಾತ್ರಿ ಮಗು ಮಲಗಿದ ಮೇಲೆ ಪಿ.ಯು.ಸಿ. ಪರೀಕ್ಷೆಗೆ ಓದುತ್ತಾಳೆ. ‘ಅವತ್ತೇ ಓದಿಸಿದ್ದರೆ ಅಮ್ಮಾ’ ಎಂದು ಒಮ್ಮೆ ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಚಿಕ್ಕವಳು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾಳೆ. ‘ಹೆಣ್ಣುಮಗಳು ಕಂಬ ಹತ್ತುತ್ತಾಳಾ?’ ಎಂದು ಊರವರು ನಗುತ್ತಾರೆ. ನಗಲಿ ಬಿಡಿ.

ಅಕ್ಕತಂಗಿಯರೇ, ಮುಂದಿನ ವಾರದ ಸಭೆಯಲ್ಲಿ ನಿಮ್ಮ ಸಂಘದ ಸಾಲದ ಪುಸ್ತಕವನ್ನು ಎಲ್ಲರೂ ಕೂತು ಓದಿ. ಹೆಣ್ಣುಮಕ್ಕಳ ಓದಿಗೆ, ತರಬೇತಿಗೆ ಮೊದಲು ಸಾಲ ಕೊಡುತ್ತೇವೆ, ವರದಕ್ಷಿಣೆಗೆ ಕೊಡುವುದಿಲ್ಲ ಎಂದು ನಿರ್ಣಯ ಬರೆದು ಸಹಿ ಹಾಕಿ. ಇವತ್ತು ರಾತ್ರಿ ಮಗಳನ್ನು ಹತ್ತಿರ ಕೂರಿಸಿಕೊಂಡು, ‘ಏನೇ ಆಗಲಿ, ಈ ಮನೆ ನಿನ್ನದೂ ಹೌದು, ಬಾ’ ಎಂದು ಹೇಳಿ. ನಾನು ಅದನ್ನು ಮೊದಲ ಸಲವೇ ಹೇಳಲಿಲ್ಲ. ನೀವು ಹೇಳಿ.