ದಾಸೋಹದ ಎಲೆಯೂ ರಕ್ತದೊತ್ತಡವುಳ್ಳವರ ಊಟವೂ



ಬಿಕ್ಕೋಡಿನ ಸುತ್ತಣ ಸೀಮೆಯು ಕಾಫಿ, ಏಲಕ್ಕಿ, ಕಾಳುಮೆಣಸುಗಳ ಸೀಮೆ. ಹಳೇಬೀಡಿನ ಕಡೆಯ ರಾಗಿಯೂ ಮಲೆನಾಡಿನ ಅಕ್ಕಿಯೂ ಇಲ್ಲಿ ಒಂದೇ ಅಡುಗೆಮನೆಯಲ್ಲಿ ಕೂಡುವುವು. ದಾರಿಗಳು ಸರಿಯಿಲ್ಲದಿದ್ದ ಕಾಲದಲ್ಲಿ ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಕಾಯಿಪಲ್ಯಗಳ ಮುಖವನ್ನೇ ಕಾಣಲಾಗುತ್ತಿರಲಿಲ್ಲ. ಆಗ ಮನೆಯನ್ನು ಕಾಯುತ್ತಿದ್ದುದು ಉಪ್ಪು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹೂತು, ಅದು ಸುಕ್ಕುಗಟ್ಟಿದ ಮೇಲೆ ಖಾರ ಬೆರೆಸಿ ಜಾಡಿಯಲ್ಲಿಡುವುದು, ಬೇಸಗೆಯಲ್ಲಿಯೇ ಹಪ್ಪಳ ಸಂಡಿಗೆಗಳನ್ನು ಒಣಗಿಸುವುದು, ಮೆಣಸಿನಕಾಯಿಯನ್ನು ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡುವುದು, ಇವೆಲ್ಲ ಹಿರಿಯರು ಮಳೆಗಾಲಕ್ಕೆ ಹೂಡಿದ ಉಪಾಯಗಳು. ಈಗ ವರ್ಷದ ಎಲ್ಲ ತಿಂಗಳಲ್ಲಿಯೂ ಸಂತೆಗೆ ತರಕಾರಿ ಬರುತ್ತಿದೆ. ಆದರೂ ಉಪ್ಪಿನಕಾಯಿಯ ಜಾಡಿ ಮಾತ್ರ ಚಿಕ್ಕದಾಗಿಲ್ಲ. ರಕ್ತದೊತ್ತಡವುಳ್ಳವರ ಆಹಾರವನ್ನು ಕುರಿತ ವಿಚಾರವು ಈ ಜಾಡಿಯಿಂದಲೇ ಆರಂಭವಾಗತಕ್ಕದ್ದು.

ವೈದ್ಯರು ರಕ್ತದ ಒತ್ತಡವನ್ನು ಎರಡು ಅಂಕಿಗಳಿಂದ ಹೇಳುವರು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೆ ಅದಕ್ಕೂ ಮಿಕ್ಕಿ ಇದ್ದರೆ ಅದನ್ನು ರೋಗವೆಂದು ಎಣಿಸುವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ಇದು ಕಂಡುಬಂದಿತು. ಎಂದರೆ ಪಂಕ್ತಿಯಲ್ಲಿ ಕುಳಿತ ಮೂವರಲ್ಲಿ ಒಬ್ಬರಿಗೆ. ನೋವಿಲ್ಲ, ಜ್ವರವಿಲ್ಲ, ಪಾರ್ಶ್ವವಾಯು ಬಡಿದ ದಿನವೇ ತಿಳಿದವರೂ ಉಂಟು. ಅಳೆಯಿಸಿಕೊಳ್ಳಲು ಹೋಗುವವರು ಅದಕ್ಕೆ ಮೊದಲು ಅರ್ಧ ಗಂಟೆಯಾದರೂ ಕಾಫಿ ಕುಡಿಯದಿರುವುದು ಲೇಸು. ಕಾಫಿಯ ಸೀಮೆಯವರಿಗೆ ಈ ಮಾತನ್ನು ಎರಡು ಬಾರಿ ಹೇಳಬೇಕಾಗುತ್ತದೆ!

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಧಿಸಿದೆ. ಅದು ಹೆಚ್ಚು ಕಡಿಮೆ ಒಂದು ಚಹಾ ಚಮಚೆಯಷ್ಟು. ಇದನ್ನು ಕೇಳಿದೊಡನೆಯೇ ಗೃಹಿಣಿಯು, "ನಮ್ಮವರು ಎಲೆಯ ಉಪ್ಪನ್ನು ಮುಟ್ಟುವುದೇ ಇಲ್ಲವಲ್ಲ" ಎನ್ನುವಳು. ದೋಷವಿರುವುದು ಎಲೆಯ ಮೂಲೆಯಲ್ಲಲ್ಲ. ಅಲ್ಲಿಡುವ ಉಪ್ಪು ಉಣ್ಣುವವನ ಕೈಯಳತೆಗೆ ಒಳಪಟ್ಟದ್ದು. ಬೇಕಾದರೆ ಮುಟ್ಟುವನು, ಬೇಡವಾದರೆ ಬಿಡುವನು. ಸಾರಿನ ಪಾತ್ರೆಯೊಳಗೆ ಕರಗಿದ ಉಪ್ಪಿನ ವಿಷಯದಲ್ಲಿ ಅವನಿಗೆ ಈ ಸ್ವಾತಂತ್ರ್ಯವಿಲ್ಲ. ರಾಗಿಮುದ್ದೆಯನ್ನು ಅನೇಕ ಮನೆಗಳಲ್ಲಿ ಉಪ್ಪಿಲ್ಲದೆಯೇ ತೊಳಸುವರು. ಆದರೆ ಮುದ್ದೆಯು ಗಂಟಲಲ್ಲಿ ಇಳಿಯಲು ಸಾರು ಧಾರಾಳವಾಗಿ ಬೇಕು. ಆ ಸಾರಿನೊಡನೆ ಉಪ್ಪೂ ಇಳಿಯುವುದು. ಹಪ್ಪಳದ ಹಿಟ್ಟಿಗೆ ಸೇರಿಸುವ ಕ್ಷಾರ, ಬೋಂಡ ಬಜ್ಜಿಗಳಿಗೆ ಹಾಕುವ ಅಡುಗೆ ಸೋಡ, ಇವು ನಾಲಗೆಗೆ ಉಪ್ಪೆನಿಸದಿದ್ದರೂ ಉಪ್ಪಿನಲ್ಲಿ ಒತ್ತಡವನ್ನೇರಿಸುವ ಸೋಡಿಯಮ್ಮೇ ಇವುಗಳಲ್ಲಿಯೂ ಇರುವುದು. ಅಂಗಡಿಯ ಖಾರದ ತಿಂಡಿಗಳ ಮಾತಂತೂ ಹೇಳತಕ್ಕದ್ದೇ ಇಲ್ಲ.

ಕೆಲವರು ಸಮುದ್ರದ ಉಪ್ಪನ್ನು ಬಿಟ್ಟು ಸೈಂಧವ ಲವಣವನ್ನು ಹಿಡಿದು, ಇನ್ನು ಭಯವಿಲ್ಲವೆಂದು ನೆಮ್ಮದಿಯಿಂದಿರುವರು. ಚರಕ ಸಂಹಿತೆಯು ಲವಣಗಳಲ್ಲಿ ಸೈಂಧವವು ಶ್ರೇಷ್ಠವೆಂದು ಹೇಳಿರುವುದು ನಿಜ. ಆದರೆ ಲವಣಗಳಲ್ಲಿ ಶ್ರೇಷ್ಠವಾದುದು ಲವಣವೇ ಹೊರತು ಬೇರೊಂದಲ್ಲ. ಅದರ ಬಹುಭಾಗವೂ ಸಾಮಾನ್ಯ ಉಪ್ಪಿನಲ್ಲಿರುವ ಅದೇ ವಸ್ತು; ಮೇಲಾಗಿ ಸಂಸ್ಕರಿಸಿದ ಉಪ್ಪಿಗೆ ಸೇರಿಸುವ ಅಯೋಡಿನ್ ಅದರಲ್ಲಿ ಸಾಲದು. ಅದೇ ಚರಕ ಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಸೇವಿಸಬಾರದೆಂಬ ವಿಧಿಯುಂಟು. ಹಾಲಿನೊಡನೆಯೂ ಉಪ್ಪನ್ನು ತಿನ್ನುತ್ತಿದ್ದ ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶದವರು ಮಾಂಸ ರಕ್ತಗಳು ಸಡಿಲಿ ಶ್ರಮವನ್ನು ತಾಳಲಾರದವರಾದರೆಂದು ಅಲ್ಲಿ ಹೇಳಿದೆ. ಸೈಂಧವವು ಹುಟ್ಟುವ ಸಿಂಧು ದೇಶದವರೇ ಆ ಪಟ್ಟಿಯಲ್ಲಿರುವುದನ್ನು, ಶಾಸ್ತ್ರವನ್ನು ಅರ್ಧ ಓದಿ ಅರ್ಧ ಬಿಡುವವರು ಗಮನಿಸತಕ್ಕದ್ದು.

ಇದಕ್ಕೆ ಔಷಧಗಳು ಒದಗಿದುದು ಈಚೆಗೆ. 1927ರಲ್ಲಿ ಮಹಾತ್ಮಾ ಗಾಂಧಿಯವರು ಪ್ರವಾಸದ ನಡುವೆ ರಕ್ತದೊತ್ತಡದಿಂದ ಕುಸಿದಾಗ ವೈದ್ಯರು ಮುಖ್ಯವಾಗಿ ವಿಧಿಸಿದುದು ವಿಶ್ರಾಂತಿಯನ್ನು. ಅದಕ್ಕಾಗಿಯೇ ಅವರು ಮೈಸೂರು ಸೀಮೆಯ ನಂದಿಬೆಟ್ಟಕ್ಕೆ ಬಂದು, ಏಪ್ರಿಲಿನಿಂದ ಜೂನ್ ಮೊದಲವರೆಗೆ ತಂಗಿದ್ದರು. ಅಮೆರಿಕದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು 1940ರ ದಶಕದಲ್ಲಿ ಉಪ್ಪಿಲ್ಲದ ಅನ್ನ, ಹಣ್ಣುಗಳನ್ನಷ್ಟೇ ಕೊಟ್ಟು ಕಠಿಣ ರೋಗಿಗಳ ಒತ್ತಡವನ್ನು ಇಳಿಸಿದರು. ಆದರೆ ಆ ಸಪ್ಪೆಯೂಟವನ್ನು ಬಹುಕಾಲ ತಾಳಿಕೊಳ್ಳುವುದು ರೋಗಿಗಳಿಗೆ ದುಸ್ತರವಾಯಿತು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಎಂಬ ವೈದ್ಯರು ನಮ್ಮ ಸರ್ಪಗಂಧದ ಬೇರಿನ ಗುಣವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಲೋಕಕ್ಕೆ ತಿಳಿಸಿದರು. ಈಗ ಅದಕ್ಕಿಂತ ಸೌಮ್ಯವಾದ ಮಾತ್ರೆಗಳು ಬಳಕೆಯಲ್ಲಿರುವುದರಿಂದ, ಆ ಬೇರನ್ನು ತಾವೇ ಅರೆದು ಕುಡಿಯುವ ಸಾಹಸವು ಯಾರಿಗೂ ಬೇಡ. ಪಥ್ಯವನ್ನು ಹಿಡಿದೆವೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದೂ ಅಷ್ಟೇ ಅಪಾಯಕರ.

ಹಾಗಾದರೆ ಉಣ್ಣತಕ್ಕದ್ದೇನು? 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 459 ಮಂದಿಯನ್ನು ಪರೀಕ್ಷಿಸಿದರು. ಉಪ್ಪನ್ನು ಬದಲಿಸದೆಯೇ, ಹಣ್ಣು, ತರಕಾರಿ, ಕೆನೆ ತೆಗೆದ ಹಾಲುಮೊಸರುಗಳನ್ನು ಹೆಚ್ಚಿಸಿದುದರಿಂದ ರೋಗವುಳ್ಳವರ ಮೇಲಿನ ಅಂಕಿಯು ಸುಮಾರು 11ರಷ್ಟು ಇಳಿಯಿತು. 2001ರಲ್ಲಿ ಅದೇ ಊಟದಲ್ಲಿ ಉಪ್ಪನ್ನೂ ತಗ್ಗಿಸಿದಾಗ ಇನ್ನೂ ಇಳಿಯಿತು. ಈ ಊಟವು ಪರದೇಶದ್ದೆಂದು ಬೆದರಬೇಕಿಲ್ಲ. ಉಪ್ಪಿಲ್ಲದ ನೀರುಮಜ್ಜಿಗೆ, ಸೊಪ್ಪಿನ ಪಲ್ಯ, ಹುರುಳಿ ಅವರೆಗಳ ಉಸಲಿ, ರಾಗಿ, ಬಾಳೆಹಣ್ಣು, ಇವೆಲ್ಲ ಇಲ್ಲಿಯೇ ದೊರೆಯುವುವು. ಉಪ್ಪು ತಗ್ಗಿದ ಕಡೆ ನಿಂಬೆಯ ಹುಳಿಯನ್ನೂ, ತೋಟದ ಮರಗಳಿಗೆ ಹಬ್ಬಿದ ಬಳ್ಳಿಯ ಕಾಳುಮೆಣಸನ್ನೂ, ಜೀರಿಗೆ ಶುಂಠಿಗಳನ್ನೂ ನಿಲ್ಲಿಸಬಹುದು. ಒಮ್ಮೆಗೇ ಸಪ್ಪೆ ಮಾಡದೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಗೆಯೇ ಒಗ್ಗಿಕೊಳ್ಳುವುದು. ಮೂತ್ರಪಿಂಡದ ರೋಗವುಳ್ಳವರು ಮಾತ್ರ ಬಾಳೆಹಣ್ಣು, ಎಳನೀರುಗಳನ್ನೂ ಅಂಗಡಿಯಲ್ಲಿ ಮಾರುವ ಬದಲಿ ಉಪ್ಪನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಇವುಗಳ ಪೊಟ್ಯಾಸಿಯಂ ಅವರಿಗೆ ಕೇಡು ಮಾಡಬಹುದು. ಬಿಸಿಲಲ್ಲಿ ದುಡಿದು ಬೆವರುವವರೂ ತಮ್ಮ ಅಳತೆಯನ್ನು ವೈದ್ಯರಿಂದಲೇ ತಿಳಿಯತಕ್ಕದ್ದು.

ಮನೆಯಲ್ಲಿ ಇದೆಲ್ಲ ಹೇಗೋ ಸಾಗೀತು. ತೊಡಕು ಬರುವುದು ಮಠದ ಪಂಕ್ತಿಯಲ್ಲಿ. ಎಲೆಗೆ ಬಿದ್ದುದನ್ನು ಬಿಟ್ಟರೆ ಪ್ರಸಾದದ ಅನಾದರವಾದೀತೆಂಬ ಭಯದಿಂದ, ಕೇಳದೆ ಬಡಿಸಿದ ಉಪ್ಪಿನಕಾಯಿಯನ್ನೂ ಎರಡನೆಯ ಸೌಟು ಸಾರನ್ನೂ ಕಣ್ಮುಚ್ಚಿ ಉಂಡು, ಮನೆಗೆ ಹೋಗಿ ಬಳಲುವ ಹಿರಿಯರಿದ್ದಾರೆ. ಇವರ ಭಕ್ತಿಯು ಹಿರಿದು. ಆದರೆ ಶಾಸ್ತ್ರವು ಇವರನ್ನು ಈ ಸಂಕಟಕ್ಕೆ ನೂಕಿಲ್ಲ. ಲಿಂಗಾರ್ಪಿತವಾಗುವುದಕ್ಕೆ ಮೊದಲು ಎಲೆಯ ಮೇಲಿರುವುದು ಪದಾರ್ಥ. ಅರ್ಪಿತವಾದ ಬಳಿಕವೇ ಅದು ಪ್ರಸಾದ. ಪ್ರಸಾದವನ್ನು ಉಳಿಸುವುದು ಸಲ್ಲದೆಂಬುದು ನಿರ್ವಿವಾದ. ಪದಾರ್ಥವು ಬರುವಾಗ ಎಲೆಯ ಮೇಲೆ ಕೈಯಡ್ಡ ಹಿಡಿದು "ಇಷ್ಟು ಸಾಕು" ಎನ್ನುವುದರಲ್ಲಿ ಯಾವ ಲೋಪವೂ ಇಲ್ಲ. ಲೋಪವೇನಾದರೂ ಇದ್ದರೆ ಅದು, "ಮಠಕ್ಕೆ ಬಂದು ಬೇಡವೆನ್ನಬಹುದೇ ಅಜ್ಜಾ?" ಎಂದು ಬಲವಂತದಿಂದ ಸುರಿಯುವ ಬಡಿಸುವವನದು.

ಅಡುಗೆಯ ಭಟ್ಟರ ಹೊಣೆಯಂತೂ ಇದಕ್ಕಿಂತ ದೊಡ್ಡದು. ಮನೆಯ ಗೃಹಿಣಿಯು ಚಿಟಿಕೆಯಲ್ಲಿ ಹಾಕುವುದನ್ನು ದಾಸೋಹದ ಕೊಪ್ಪರಿಗೆಗೆ ಬೊಗಸೆಯಲ್ಲಿ ಹಾಕುವರು; ಒಂದು ಕೈಯ ಅಂದಾಜು ಸಾವಿರ ಹೊಟ್ಟೆಗಳ ಪಾಲಾಗುವುದು. ಸಾವಿರ ಮಂದಿಯ ಊಟದಲ್ಲಿ ತಲೆಗೆ 1 ಗ್ರಾಂ ಇಳಿಸಿದರೆ 1 ಕಿಲೋಗ್ರಾಂ ಉಪ್ಪು ಆ ದಿನ ಉಗ್ರಾಣದಲ್ಲಿಯೇ ಉಳಿಯುವುದು. ಉಪ್ಪನ್ನು ಅಂದಾಜಿನಿಂದ ಹಾಕದೆ ತೂಗಿ ಹಾಕಬೇಕು. ಸಾರು ಪಲ್ಯಗಳಿಗೆ ಒಂದು ಮಟ್ಟ ಕಡಿಮೆ ಹಾಕಿ, ಬೇಕಾದವರಿಗೆ ಎಲೆಯ ಮೂಲೆಯಲ್ಲಿ ಹಳೆಯ ಪದ್ಧತಿಯಂತೆ ಉಪ್ಪಿಡಬೇಕು. ಉಪ್ಪಿನಕಾಯಿ ಹಪ್ಪಳಗಳನ್ನು ಕೇಳಿದವರಿಗೆ ಮಾತ್ರ ಬಡಿಸಬೇಕು. ರೋಗಿಗಳಿಗೆಂದು ಬೇರೆ ಪಂಕ್ತಿಯನ್ನು ಹಾಕುವುದು ಸಹಪಂಕ್ತಿಯ ಧರ್ಮಕ್ಕೆ ಒಗ್ಗದು. ಹೀಗೆ ನಡೆದರೆ ಅದರ ಅವಶ್ಯಕತೆಯೂ ಬೀಳದು.

ಶಿವರಾತ್ರಿಯ ಉಪವಾಸವನ್ನು ಹಿಡಿಯುವ ರೋಗಿಗಳು ಮುಂಚಿತವಾಗಿ ವೈದ್ಯರಿಗೆ ತಿಳಿಸಿ ಮಾತ್ರೆಯ ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕು. ಮಾತ್ರೆಯೊಡನೆ ಕುಡಿಯುವ ಗುಟುಕು ನೀರಿನಿಂದ ವ್ರತಕ್ಕೆ ಭಂಗವಿಲ್ಲ. ಫಲಾಹಾರದ ಹೆಸರಿನಲ್ಲಿ ಕರಿದ ಆಲೂಗೆಡ್ಡೆಗೆ ಸೈಂಧವವನ್ನು ಧಾರಾಳವಾಗಿ ಉದುರಿಸಿ ತಿನ್ನುವುದಕ್ಕಿಂತ, ಮರುದಿನದ ಪಾರಣೆಯವರೆಗೆ ಹಾಲು ಹಣ್ಣುಗಳಲ್ಲಿ ಇರುವುದು ವ್ರತಕ್ಕೂ ಮೈಗೂ ಹಿತ.