ದೂರು ಬೇರೆ, ಕಥೆ ಬೇರೆ

(ಗೋಣಿಬೀಡಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹರೂಪ)



ಕಥೆ ಬರೆಯೋದು ಹೇಗೆ ಅಂತ ಹೇಳಿ ಅಂದಿದ್ದೀರಿ. ನಮ್ಮ ಕಾಫಿ ತೋಟಗಳಲ್ಲಿ ‘ರೈಟರು’ ಅಂದರೆ ಯಾರು? ಚೆಕ್‌ರೋಲ್ ಹಿಡಿದು ಹಾಜರಿ ಹಾಕುವವನು. ಅವನು ಬರೆದರೆ ಕೂಲಿ ಉಂಟು, ಬರೆಯದಿದ್ದರೆ ಇಲ್ಲ. ಆ ಪುಸ್ತಕದಲ್ಲಿ ನಮ್ಮವರ ಹೆಸರುಂಟು, ದಿನ ಉಂಟು, ದುಡ್ಡುಂಟು. ಮನುಷ್ಯ ಮಾತ್ರ ಇಲ್ಲ. ಇಷ್ಟು ದಿನ ನಮ್ಮನ್ನು ಬೇರೆಯವರು ಬರೆದುಕೊಂಡರು. ಈಗ ಪೆನ್ನು ನಿಮ್ಮ ಕೈಗೆ ಬಂದಿದೆ.

ಇದೇ ಊರಿನ ಸಂಗತಿಯಿಂದ ಸುರು ಮಾಡ್ತೀನಿ. 2021ರ ಮೇ ತಿಂಗಳಲ್ಲಿ ಗೋಣಿಬೀಡು ಪೊಲೀಸ್ ಠಾಣೆಯಲ್ಲಿ ತನ್ನನ್ನು ಹೊಡೆದರು, ನೀರು ಕೇಳಿದ್ದಕ್ಕೆ ಮೂತ್ರ ನೆಕ್ಕಿಸಿದರು ಎಂದು ದಲಿತ ಯುವಕನೊಬ್ಬ ದೂರು ಕೊಟ್ಟ. ಕೇಸು ದಾಖಲಾಯಿತು, ತನಿಖೆ ಸಿಐಡಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಸಬ್‌ಇನ್ಸ್‌ಪೆಕ್ಟರ್ ಬಂಧನವಾಯಿತು. ನಾಚಿಕೆಯಿಂದ ಬಾಯಿ ಮುಚ್ಚಿ ಕೂರದೆ ಆ ಹುಡುಗ ದೂರು ಕೊಟ್ಟನಲ್ಲ, ಅದು ನಾವು ಬರೆಯುವ ಎಷ್ಟೋ ಕಥೆಗಳಿಗಿಂತ ದೊಡ್ಡದು.

ಆದರೆ ದೂರು ಬೇರೆ, ಕಥೆ ಬೇರೆ. ದೂರಿನಲ್ಲಿ ತಾರೀಖು, ಜಾಗ, ಯಾರು ಏನು ಮಾಡಿದರು ಅನ್ನೋದಿದ್ದರೆ ಸಾಕು. ಒಂದಕ್ಷರ ಕಲ್ಪಿಸಿದರೂ ಕೇಸು ಬಿದ್ದುಹೋಗುತ್ತದೆ. ಕಥೆಯ ಕೆಲಸ ದೂರು ಮುಗಿದ ಕಡೆ ಸುರುವಾಗುತ್ತದೆ. ಅಂಥ ರಾತ್ರಿ ಕಳೆದು ಬಂದ ಮಗ ಮನೆಯಲ್ಲಿ ಒಂದು ಲೋಟ ನೀರನ್ನು ಹೇಗೆ ಕುಡಿದಾನು? ಅವ್ವ ಏನು ಕೇಳಿಯಾಳು, ಏನು ಕೇಳದೆ ಬಿಟ್ಟಾಳು? ಹೊಡೆದವನು ಮನೆಗೆ ಹೋಗಿ ತನ್ನ ಮಗುವನ್ನು ಯಾವ ಕೈಯಲ್ಲಿ ಎತ್ತಿಕೊಂಡಾನು? ಇದನ್ನು ಯಾವ ಎಫ್‌ಐಆರ್ ಕೂಡ ಕೇಳುವುದಿಲ್ಲ. ಕಥೆಗಾರ ಕೇಳಬೇಕು. ಹಾಗಂತ ಆ ಹುಡುಗನ ಹೆಸರು, ಮನೆ ಎತ್ತಿಕೊಂಡು ಕಥೆ ಕಟ್ಟಬೇಡಿ. ಅವನ ನೋವು ಅವನದು. ನೀವು ಕಟ್ಟುವವನು ಬೇರೆ ಊರಿನ ಬೇರೆ ಹುಡುಗನಾಗಿರಲಿ. ಅವನ ಗಂಟಲ ದಾಹ ನಿಜವಾಗಿರಲಿ.

ಎರಡನೇ ಮಾತು. ಹಸಿವು, ಶೋಷಣೆ, ಕ್ರಾಂತಿ ಈ ಪದಗಳು ಭಾಷಣಕ್ಕೆ ಬೇಕು. ಕಥೆಯಲ್ಲಿ ಪುಟಕ್ಕೊಂದು ಸಲ ಬಂದರೆ ಓದುವವನು ಆಕಳಿಸುತ್ತಾನೆ. ದೇವನೂರ ಮಹಾದೇವರ ‘ಒಡಲಾಳ’ ಓದಿ. ಹುಂಜ ಕಳೆದುಕೊಂಡ ಸಾಕವ್ವ, ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ರಾತ್ರಿ, ಆಮೇಲೆ ಬರುವ ಪೊಲೀಸರು. ಓದಿ ಮುಗಿಸಿದಾಗ ಆ ಹಸಿವು ನಮ್ಮ ಹೊಟ್ಟೆಗೆ ಬಂದಿರುತ್ತದೆ. ಆ ಮನೆಯಲ್ಲಿ ನಗುವೂ ಇದೆ. ನಮ್ಮ ಕೇರಿಯಲ್ಲಿ ನಗು ಇಲ್ಲವೇ? ನಮ್ಮವರನ್ನು ಬರೀ ಅಳುವವರಾಗಿ ಬರೆದರೆ ಅದೂ ಒಂದು ಮೋಸವೇ.

ಮೂರನೆಯದು ಭಾಷೆ. ಮೇಷ್ಟ್ರು ಕೆಂಪು ಮಸಿಯಲ್ಲಿ ಗೀಟು ಹಾಕ್ತಾರೆ ಅಂತ ಅವ್ವನ ಮಾತನ್ನು ಪುಸ್ತಕದ ಮಾತು ಮಾಡಬೇಡಿ. 1984ರಲ್ಲಿ ಬಂದ ‘ಕುಸುಮಬಾಲೆ’ ನಂಜನಗೂಡು ಕಡೆಯ ಆಡುಮಾತಿನಲ್ಲಿದೆ. ಓದೋಕೆ ಕಷ್ಟ ಅಂದವರು ಬಹಳ ಮಂದಿ. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೀವು ನಂಜನಗೂಡಿನ ಮಾತನ್ನು ನಕಲು ಮಾಡಬೇಕಾಗಿಲ್ಲ. ಮರಗಸಿ, ಕಪಾತು, ಉಂಬಳ, ಗೊರಬು, ಕಣ, ಲೈನು ಇವೆಲ್ಲ ನಿಮ್ಮ ಮನೆಯ ಮಾತು. ಲೈನಿನಲ್ಲಿ ಕನ್ನಡದ ಜೊತೆ ತುಳು, ತಮಿಳು ಬೆರೆತಿವೆ. ಕಿವಿಗೊಟ್ಟು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಾಲ್ಕನೆಯದು ನೋಟ. ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವವರೆಗೂ ನಮ್ಮ ಮೂಡಿಗೆರೆಯಲ್ಲೇ ಇದ್ದರು. ‘ಅಬಚೂರಿನ ಪೋಸ್ಟಾಫೀಸು’ 1973ರದು, ‘ಕರ್ವಾಲೊ’ 1980ರದು. ಸಣ್ಣ ಪೇಟೆಯ ಮಂದಿ, ಕಾಡು, ಹಾರುವ ಓತಿ, ಯಾವುದನ್ನೂ ಅವರು ಕ್ಷುಲ್ಲಕ ಅಂತ ಬಿಡಲಿಲ್ಲ. ಆ ಕಣ್ಣನ್ನು ಕಲಿಯಿರಿ. ಆದರೆ ಅವರು ತೋಟ ಮಾಡಿದವರು. ಲೈನಿನ ಬಾಗಿಲಿಂದ ನೋಡಿದರೆ ಇದೇ ಕಾಡು, ಇದೇ ಮಳೆ ಬೇರೆ ಥರ ಕಾಣುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದರೆ ತೋಟದವರಿಗೆ ಫಸಲಿನ ಲೆಕ್ಕ. ಸೋರುವ ಲೈನಿನಲ್ಲಿ ಕೂಸು ಮಲಗಿಸಿಕೊಂಡವಳಿಗೆ ಯಾವ ಲೆಕ್ಕ? ಅದನ್ನು ನೀವು ಬರೀಬೇಕು.

ಕೊನೆಗೆ ಕೆಲಸದ ಮಾತು. ಮೊದಲ ಕಥೆಯಲ್ಲೇ ಅಜ್ಜನಿಂದ ಮೊಮ್ಮಗನವರೆಗೆ ಹೇಳಲು ಹೋಗಬೇಡಿ. ಒಂದು ದಿನ, ಒಂದು ಮನೆ, ಇಬ್ಬರು ಮೂವರು ಸಾಕು. ಧಣಿಯನ್ನು ಬಯಲಾಟದ ರಾಕ್ಷಸ ಮಾಡಬೇಡಿ. ಕೂಲಿಯ ಮಗುವಿಗೆ ನಗುತ್ತಾ ಪೆಪ್ಪರಮೆಂಟು ಕೊಟ್ಟು, ಅದರ ಅಪ್ಪನನ್ನು ಅಂಗಳದಾಚೆ ನಿಲ್ಲಿಸುವ ಧಣಿ ಇನ್ನೂ ಭಯಂಕರ. ಬರೆದದ್ದನ್ನು ಒಂದು ತಿಂಗಳು ಟ್ರಂಕಿನಲ್ಲಿಡಿ. ಆಮೇಲೆ ರೂಮಿನ ಹುಡುಗರಿಗೆ ಗಟ್ಟಿಯಾಗಿ ಓದಿ. ಅವರು ಎಲ್ಲಿ ಮಗ್ಗುಲು ಬದಲಿಸ್ತಾರೋ ಅಲ್ಲಿ ಹೊಡೆದುಹಾಕಿ, ನಿಮಗೆ ಚಂದ ಕಂಡ ವಾಕ್ಯವಾದರೂ ಸರಿ. ಕಪಾತು ಮಾಡದ ಗಿಡದಲ್ಲಿ ಒಳ್ಳೆ ಫಸಲಿಲ್ಲ ಅಂತ ನಿಮ್ಮ ಅಪ್ಪನಿಗೆ ಗೊತ್ತು. ರಜೆಗೆ ಹೋದಾಗ ಅವ್ವನಿಗೂ ಓದಿ. ‘ಇದು ಹಿಂಗಲ್ಲ ಕಣೋ’ ಅಂದರೆ ಜಗಳಾಡದೆ ತಿದ್ದಿ. ಅವರಿಗಿಂತ ದೊಡ್ಡ ವಿಮರ್ಶಕರು ನಿಮಗೆ ಸಿಗೋದಿಲ್ಲ.

ಮುಂದಿನ ಸಲ ಸೇರುವಾಗ ಒಬ್ಬೊಬ್ಬರೂ ಎರಡು ಪುಟ ಬರೆದು ತನ್ನಿ. ಆವತ್ತು ನನ್ನ ಭಾಷಣ ಬೇಡ, ನೀವು ಓದಿ, ನಾನು ಕೇಳ್ತೀನಿ.